ಗೋಡೆಯ ಕೆಳಗೆ ಕಾಫಿ

ಸಭೆಗೆ ಬಂದಿರುವ ಹಿರಿಯರೇ, ಕಾಮಗಾರಿ ಕಚೇರಿಯ ಗೆಳೆಯರೇ, ಗುತ್ತಿಗೆದಾರ ಮಿತ್ರರೇ, ಹೆಂಗಸರ ಸಾಲಿನಲ್ಲಿ ಕೂತಿರುವ ತಾಯಿ ಉಮ್ಮ್ ಶಾಹಿರ್, ಅವರ ಮಗ ಶಾಹಿರ್ — ಎಲ್ಲರಿಗೂ ಸಲಾಂ. ಹಿಂದಿನವರಿಗೆ ಕೇಳಿಸುತ್ತಿದೆಯೆ? ಕೇಳಿಸುತ್ತದೆ, ನನಗೆ ಗೊತ್ತು. “ನಿನ್ನ ಗಂಟಲಿಗೆ ಮೈಕ್ ಯಾಕಯ್ಯಾ? ಸರ್ಕಾರದ ಕರೆಂಟು ದಂಡ!” ಎಂದು ನಮ್ಮನ್ನಗಲಿದ ದೈಫಲ್ಲಾ ಅವರೇ ಹೇಳುತ್ತಿದ್ದರು.

ಸಭೆಯನ್ನು ಈ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲೇ ಇಡೋಣ ಎಂದು ಹಟ ಹಿಡಿದವನು ನಾನು. ಕಾರಣ ಆಮೇಲೆ ಹೇಳುತ್ತೇನೆ.

ದೈಫಲ್ಲಾ — ಶಾಹಿರನ ತಂದೆ, ಊರಿಗೆಲ್ಲ ‘ಅಬೂ ಶಾಹಿರ್’ — ನಮ್ಮ ಕಚೇರಿಯ ಗುತ್ತಿಗೆ ಅಧಿಕಾರಿಯಾಗಿದ್ದರು. ಟೆಂಡರ್ ಯಾರಿಗೆ ಎಂದು ಘೋಷಿಸುವ ದಿನ ಎಲ್ಲರೂ ಬರುತ್ತಾರೆ — ಫೋಟೊ, ಅಪ್ಪುಗೆ, ತಟ್ಟೆ ತುಂಬ ಕುನಾಫಾ ಸಿಹಿ! ಸಹಿ ಬಿದ್ದ ಮರುದಿನ? ಯಾರೂ ಇಲ್ಲ! ಆ ಮರುದಿನದಿಂದ ಅವರ ಕೆಲಸ. “ಮದುವೆ ಊಟ ನೀವು ಮಾಡಿ, ಸಂಸಾರ ನಾನು ನೋಡ್ಕೋತೀನಿ” ಎನ್ನುತ್ತಿದ್ದರು.

ಒಂದೇ ಒಂದು ಪ್ರಸಂಗ ಹೇಳುತ್ತೇನೆ.

ಶಾಲೆಯ ಹಿಂದಿನ ಗುಡ್ಡ ಜಾರದಂತೆ ತಡೆಗೋಡೆ ಕಟ್ಟುವ ಗುತ್ತಿಗೆ ನಾಯಿಲ್ ಅವರಿಗೆ ಸಿಕ್ಕಿತ್ತು. ನಾಯಿಲ್, ತಲೆ ತಗ್ಗಿಸಬೇಡಿ, ಇದನ್ನು ಹೇಳು ಎಂದವರೇ ನೀವು! ಗೋಡೆ ಎದ್ದಿತು. ಚಳಿಗಾಲದ ಮಳೆ ಬಿದ್ದದ್ದೇ ತಡ, ನಡುವೆ ಉಬ್ಬಿತು — ಇಗೋ ಹೀಗೆ, ಬಾಡೂಟದ ಮನ್ಸಫ್ ಉಂಡವನ ಹೊಟ್ಟೆಯಂತೆ! ಕಾಮಗಾರಿ ಮುಗಿದ ಪ್ರಮಾಣಪತ್ರಕ್ಕೆ ದೈಫಲ್ಲಾ ಸಹಿ ಹಾಕಲಿಲ್ಲ. ಕೆಡವಿ ಕಟ್ಟಿ ಎಂದರು. ನಕ್ಷೆ ನಿಮ್ಮದು, ಮಣ್ಣಿನ ವರದಿ ನಿಮ್ಮದು, ನಾನ್ಯಾಕೆ ಕೆಡವಲಿ ಎಂದರು ನಾಯಿಲ್. ಪತ್ರಕ್ಕೆ ಪತ್ರ, ಮಾತಿಗೆ ಮಾತು. ಶಾಲೆ ತೆರೆಯುವ ದಿನ ಬಂದೇ ಬಿಟ್ಟಿತು.

ನಾಯಿಲ್ ವಕೀಲರನ್ನು ಕಳಿಸಿದರಾ? ಇಲ್ಲ. ಜಾಹಾ ಕಳಿಸಿದರು! ಹೆಣ್ಣು ಕೇಳಲು, ಕೊಲೆಯ ವೈರಕ್ಕೆ ರಾಜಿ ಮಾಡಿಸಲು ಹಿರಿಯರ ದಂಡು ಮನೆಗೆ ಬರುತ್ತದಲ್ಲ, ಅದು — ಒಂದು ಗೋಡೆಗಾಗಿ! ಮುಂದಾಳು ಹಾಜಿ ಮಿಥ್ಕಾಲ್. ದೈಫಲ್ಲಾ ಕಾಫಿ ಬಗ್ಗಿಸಿ ಕೊಟ್ಟರು. ಹಾಜಿ ಬಟ್ಟಲು ತೆಗೆದುಕೊಂಡರು. ತುಟಿಗೆ ತಾಗಿಸದೆ — ಮುಂದೆ ಇಟ್ಟರು.

“ಕುಡೀರಿ ಹಾಜಿ, ಆರಿ ಹೋಗುತ್ತೆ.”

“ಕೇಳಿದ್ದು ಕೊಡು, ಕುಡೀತೀನಿ ಅಬೂ ಶಾಹಿರ್. ದೊಡ್ಡದೇನಲ್ಲ. ಒಂದು ಸಹಿ.”

ನಾನು ಪಕ್ಕದಲ್ಲೇ ಇದ್ದೆ. ಹಿರಿಯರು ಕಾಫಿ ಮುಟ್ಟದೆ ಎದ್ದುಹೋದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಶಾಹಿರನಿಗೆ ಆಗಲೇ ಹೆಣ್ಣು ನೋಡುತ್ತಿದ್ದರು. ಸಹಿ ಹಾಕಿದರೆ ಆ ಗೋಡೆಯ ಬುಡದಲ್ಲಿ ಊರಿನ ಹುಡುಗಿಯರು ಆಡಬೇಕು. ಹಾಕದಿದ್ದರೆ ಮಗನ ಬಾಳು, ಮನೆತನದ ಮಾನ.

ದೈಫಲ್ಲಾ ಕಾಫಿಯ ಹೂಜಿ ಎತ್ತಿಕೊಂಡರು.

“ಹಾಜಿ, ನನ್ನ ಮನೇದು ಏನಾದ್ರೂ ಕೇಳಿ, ಈಗಲೇ ಕೊಟ್ಟೆ. ನೀವು ಕೇಳ್ತಿರೋದು ಶಾಲೇದು. ಅಲ್ಲೇ ಕೇಳೋರಂತೆ ಬನ್ನಿ. ಕಾಫಿ ನಾನೇ ತರ್ತೀನಿ.”

ಆಹಾ, ಆ ಮೆರವಣಿಗೆ! ಮುಂದೆ ಹೂಜಿ ಹಿಡಿದ ಅಧಿಕಾರಿ, ಹಿಂದೆ ಅಬಾ ನಿಲುವಂಗಿ ಹೊದ್ದ ಹಿರಿಯರು, ಅವರ ಜೊತೆಗೇ ಬಂದಿದ್ದ ನಾಯಿಲ್, ಅವರ ಹಿಂದೆ ಬಟ್ಟಲು ಹೊತ್ತ ನಾನು! ಇದೇ ಅಂಗಳಕ್ಕೆ ಬಂದೆವು. ಉಬ್ಬಿದ ಗೋಡೆಯ ಬುಡಕ್ಕೆ ಸರಿಯಾಗಿ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಮೊದಲು ತಾವೇ ಕೂತರು.

“ಬನ್ನಿ, ಕೂತ್ಕೊಳ್ಳಿ. ಒಂದು ಬಟ್ಟಲು ನಿಧಾನವಾಗಿ ಕುಡಿದು ಮುಗಿಸಿ. ಆಮೇಲೆ ಸಹಿ. ಪೆನ್ನು ಜೇಬಲ್ಲೇ ಇದೆ.”

ಹಾಜಿ ಗೋಡೆಯನ್ನು ನೋಡಿದರು. ನಾಯಿಲ್ ಅವರನ್ನು ನೋಡಿದರು. “ನೀನ್ ಮೊದಲು ಕೂತ್ಕೋ ಮಗಾ. ಕಟ್ಟಿದವನು ನೀನಲ್ವಾ?”

ನಾಯಿಲ್ ಒಂದು ಹೆಜ್ಜೆ ಇಟ್ಟರು. ನಿಂತರು. ಆಮೇಲೆ ಕೂಗಿದರು — ಹೌದು, ನಾಯಿಲ್ ಅವರೇ — “ಅಬೂ ಶಾಹಿರ್, ಏಳಿ ಅಲ್ಲಿಂದ! ನಿಮ್ಮ ದಮ್ಮಯ್ಯ, ಎದ್ದು ಬನ್ನಿ ಮೊದಲು!”

“ಬಂದೆ. ಈಗ ಹೇಳು, ಏನಾಯ್ತು?”

“ಪಾಯ ತೋಡುವಾಗಲೇ ನೀರು ಬಂತು. ನಿಮ್ಮ ವರದಿ ಒಣಮಣ್ಣು ಅಂದಿತ್ತು.”

“ಆಗಲೇ ಯಾಕೆ ಹೇಳ್ಲಿಲ್ಲ?”

“ಕೆಲಸ ನಿಲ್ಲಿಸ್ತೀರಿ, ತಡವಾಯ್ತು ಅಂತ ದಂಡ ಹಾಕ್ತೀರಿ ಅಂತ ಹೆದರಿದೆ.”

ಅಲ್ಲೇ ನಿಂತು ತೀರ್ಮಾನವಾಯಿತು. ವರದಿಯ ತಪ್ಪು ಕಚೇರಿಯದು — ನೀರು ಹೊರಗೆ ಹರಿಸುವ ಕೊಳವೆಯ ಖರ್ಚು ಕಚೇರಿಯದು, ಗಡುವಿನ ವಿಸ್ತರಣೆಯೂ ಉಂಟು, ದಂಡ ಇಲ್ಲ. ನೀರು ಕಂಡೂ ಮುಚ್ಚಿ ಕಟ್ಟಿದ ತಪ್ಪು ನಾಯಿಲ್ ಅವರದು — ಕೆಡವಿ ಕಟ್ಟುವ ಹೊರೆ ಅವರದು. ಅದು ಮುಗಿಯುವವರೆಗೆ ಈ ಅಂಗಳಕ್ಕೆ ಬೀಗ. ಹಾಜಿ ಬಟ್ಟಲು ಚಾಚಿದರು. “ಇದು ತಣ್ಣಗಾಯ್ತು, ಬೇರೆ ಹಾಕಯ್ಯಾ.” ಕುಡಿದರು!

ಕಚೇರಿಯ ತಪ್ಪನ್ನು ಬರೆದುಕೊಟ್ಟದ್ದಕ್ಕೆ ಆ ಸಲ ದೈಫಲ್ಲಾ ಅವರಿಗೆ ಬಡ್ತಿ ತಪ್ಪಿತು. ಅದನ್ನೂ ಹೇಳಬೇಕು, ಹೇಳಿದೆ. ಶಾಹಿರನಿಗೆ ಹೆಣ್ಣು ಕೇಳಲು ಜಾಹಾ ಹೊರಟಾಗ ಮುಂದೆ ನಡೆದವರು ಯಾರು? ಇದೇ ಹಾಜಿ ಮಿಥ್ಕಾಲ್.

ಈಗ ಕಾರಣ ಹೇಳುತ್ತೇನೆ. ಇಷ್ಟು ಹೊತ್ತೂ ನೀವು ಕೂತಿರುವುದು ಕೆಡವಿ ಕಟ್ಟಿದ ಆ ಗೋಡೆಯ ನೆರಳಿನಲ್ಲಿ. ಅಗಲಿದವರಿಗಾಗಿ ಕಹಿ ಕಾಫಿ ಕುಡಿದಿರಿ. ಅಗೋ, ಮೂವರು ಮಕ್ಕಳು ಅದಕ್ಕೆ ಒರಗಿ ತೂಕಡಿಸುತ್ತಿದ್ದಾರೆ. ಒಬ್ಬರಾದರೂ ಅಳುಕಿನಿಂದ ತಲೆಯೆತ್ತಿ ನೋಡಿದಿರಾ? — ಇಲ್ಲ. ದೈಫಲ್ಲಾ ಅವರ ಕೆಲಸ ಇಷ್ಟೇ.

ಬಟ್ಟಲುಗಳನ್ನು ಕೆಳಗಿಡಿ. ಎಲ್ಲರೂ ಎದ್ದು ಗೋಡೆಯ ಕಡೆಗೆ ತಿರುಗಿ ನಿಲ್ಲಿ. ನಾನೂ ಬಾಯಿ ಮುಚ್ಚುತ್ತೇನೆ — ಅವರು ನನ್ನಲ್ಲಿ ಎಷ್ಟೋ ಸಲ ಬೇಡಿಕೊಂಡದ್ದು ಅದೊಂದನ್ನೇ. ಇವತ್ತು ಕೊಟ್ಟೆ, ದೈಫಲ್ಲಾ.