ಬಲಗಡಿ ಗುಂಡಿಗಿ

...ಅಲ್ಲಲ್ಲ, ಅಲ್ಲಿ ಅಲ್ಲವಾ, ಈಕಡಿ ಕಿವಿ ಇಡು, ಬಲಕ. ಹಾಂ, ಕೇಳ್ತಾ? ಲಬ್ ಡಬ್ ಅಂತದಲ್ಲ? ಅದಾ ನನ್ನ ಗುಂಡಿಗಿ. ಎಲ್ಲರದೂ ಎಡಕ ಇದ್ರ ನಿಮ್ಮ ಮುತ್ಯಾಂದು ಬಲಕ ಅದ. ಹುಟ್ಟಿದಾಗಿಂದ ಹಂಗಾ ಅದ ಖರೆ, ಆದ್ರ ನನಗ ಗೊತ್ತಿರಲಿಲ್ಲ, ನಮ್ಮವ್ವಗ ಗೊತ್ತಿರಲಿಲ್ಲ, ಕುರಿ ಕಾಯೋನ ಎದಿ ಮುಟ್ಟಿ ಯಾರು ನೋಡ್ತಾರ? ಗೊತ್ತಾಗಿದ್ದು ಕೆನಾಲ್ ಬಂದ ವರ್ಷ. ಅಂದ್ರ ಕೆನಾಲ್ ಮೊದಲ ಬಂದಿತ್ತು, ನೀರು ಬಂದಿರಲಿಲ್ಲ, ನೀರು ಬರೋ ವರ್ಷ ಅನ್ನು. ದೇವಾಪುರದ ನಮ್ಮ ಹೊಲದಾಗ ಎಲ್ಲರೂ ಬದು ಹಾಕಾಕತ್ತಿದ್ರು, ನಾನೂ ನನ್ನ ಹೆಂಡ್ತಿ, ಅಂದ್ರ ನಿಮ್ಮ ಆಯಿನೂ ಮಣ್ಣು ಹೊರಾಕತ್ತಿದ್ವಿ, ನೀರು ಬಿಡೋದರಾಗ ಹೊಲ ಮಟ್ಟ ಮಾಡಲಿಲ್ಲಂದ್ರ ನೀರು ನಮ್ಮನ್ನ ದಾಟಿ ಮುಂದ ಹೋಗ್ತದ. ಅಂಥಾದ್ರಾಗ ನನ್ನ ಹೊಟ್ಟಿ ಹಿಡಕೊಂತು ನೋಡು. ಎಡಕ, ಕೆಳಗ. ಬುಟ್ಟಿ ಒಗದು ಬದುವಿನ ಮ್ಯಾಲೇ ಮಲಗಿಬಿಟ್ಟೆ.

ಊರ ಹತ್ರದ ಡಾಕ್ಟ್ರು ಬಲಕ ಒತ್ತಿ, 'ಇಲ್ಲಿ ನೋಯ್ತದೇನು?' ಅಂದ್ರು. ಇಲ್ರೀ, ಎಡಕ ನೋಯ್ತದ್ರಿ ಅಂದೆ. 'ಎಡಕ ನೋಯ್ತದ ಅಂದ್ರ ಗ್ಯಾಸು, ಹೋಗು' ಅಂತ ಪುಡಿ ಕೊಟ್ರು. ಪುಡಿ ತಿಂದೆ, ನೋವು ನಿಲ್ಲಲಿಲ್ಲ, ಜ್ವರ ಬಂತು. ಯಾದಗಿರಿಗಿ ಹೋದ್ವಿ, ಅಲ್ಲಿನ ಡಾಕ್ಟ್ರೂ ಎಡಾ ಬಲಾ ಒತ್ತಿ ನೋಡಿ, ಗದ್ದ ತುರಿಸಿಕೊಂಡು, 'ನನಗ ತಿಳೀವಲ್ತು, ಹೈದ್ರಾಬಾದಿನ ದೊಡ್ಡ ದವಾಖಾನಿಗಿ ಹೋಗಿಬಿಡು, ತಡಾ ಮಾಡಬ್ಯಾಡ' ಅಂದ್ರು. ನಿಮ್ಮ ಆಯಿ ಕುರಿ ತನ್ನ ತಮ್ಮಗ ಒಪ್ಪಿಸಿ, ರೊಟ್ಟಿ ಕಟಗೊಂಡು, ನನ್ನ ರಟ್ಟಿ ಹಿಡಕೊಂಡು ರೈಲು ಹತ್ತಿಸಿದಳು. ವಾಡಿದಾಗ ಗಾಡಿ ಬದಲಿ ಮಾಡಬೇಕು, ನಾನು ಸ್ಟೇಷನ್ನಿನ ಫಲಾಟಿನ ಮ್ಯಾಲ ಮುದ್ದಿಯಾಗಿ ಬಿದ್ದೀನಿ, ಆಕಿ ಬಾಜೂಕ ಕುಂತು, 'ಸಾಯಬ್ಯಾಡ ನೋಡು, ಬದು ಅರ್ಧಾ ಉಳದದ' ಅಂತ ಬೈಯಾಕತ್ತಾಳ. ಅಳಾಕ ಬರತಿತ್ತು ಆಕಿಗಿ, ಅದಕ್ಕ ಬೈತಿದ್ದಳು.

ಆ ದವಾಖಾನಿ ಅಂದ್ರ ದವಾಖಾನಿ ಅಲ್ಲಪಾ, ಒಂದು ಊರು. ನಮ್ಮ ಸುರಪುರದಷ್ಟು ಮಂದಿ ಒಂದಾ ಛಾವಣಿ ಕೆಳಗ. ಅಲ್ಲೇ ಡಾಕ್ಟ್ರಕಿ ಕಲಿಸ್ತಾರ. ಅದಕ್ಕ ಒಬ್ಬ ಡಾಕ್ಟರ್ ಬಂದ್ರ ಅವರ ಹಿಂದ ಬಿಳಿ ಕೋಟಿನ ಹುಡುಗ್ರು ಹುಡುಗ್ಯಾರು, ನಮ್ಮ ಟಗರಿನ ಹಿಂದ ಕುರಿ ಬಂದಂಗ. ಮೊದಲ ಒಬ್ಬ ಹುಡುಗ ಬಂದ, ಕನ್ನಡಕ ಹಾಕಿದ್ದ, ಉದ್ದಾನ ಹುಡುಗ. ಕಿವಿಗಿ ನಳಿಗಿ ಇಟಗೊಂಡು ನನ್ನ ಎಡಗಡಿ ಎದಿ ಮ್ಯಾಲ ಹಚ್ಚಿದ. ಕೇಳಿದ. ಮತ್ತ ಕೇಳಿದ. ಮಾರಿ ಸುಣ್ಣ ಆತು. 'ಸಾರ್! ಸಾರ್! ಗುಂಡಿಗಿ ನಿಂತದ ಸಾರ್!' ಅಂತ ಓಡಿದ. ನಾನು ಎದ್ದು ಕುಂತು, 'ಏ ತಮ್ಮಾ, ಜೀವಂತ ಅದೀನೋ' ಅಂದೆ. ನಿಮ್ಮ ಆಯಿ ಮಾತ್ರ ಅಷ್ಟೊತ್ತಿಗಿ ಎದಿ ಬಡಕೊಳ್ಳಾಕ ಸುರು ಮಾಡಿದ್ದಳು. ನಾನು ಮಾತಾಡಾಕತ್ತೀನಿ, ಆಕಿ ನನ್ನ ಹೆಸರು ಹಿಡದು ಅಳಾಕತ್ತಾಳ! ಸುಮ್ಮನಿರಾ ಅಂದ್ರ, 'ನೀ ಸುಮ್ಮನಿರು, ಡಾಕ್ಟ್ರ ಹೇಳ್ಯಾರ' ಅಂತಾಳ.

ಆಮ್ಯಾಲ ಫೋಟೊ ತೆಗಿಯೋ ಖೋಲಿಗಿ ಒಯ್ದರು, ಎಕ್ಸರೆ. ತೆಗದಾಂವ ನೋಡಿದ, 'ಉಲ್ಟಾ ಬಂದದ' ಅಂದ. ಮತ್ತ ತೆಗದ. ಮತ್ತ ಉಲ್ಟಾ. ನನ್ನ ಮ್ಯಾಲ ಸಿಟ್ಟಾದ, 'ಸೀದಾ ನಿಂತುಕೊ ಮಿಯಾ' ಅಂದ. ಇನ್ನೆಂಗ ನಿಲ್ಲಲಿ ಸೀದಾ, ಹೊಟ್ಟಿ ಹರದುಹೋಗಾಕತ್ತದ! ಆಗ ದೊಡ್ಡ ಡಾಕ್ಟ್ರು ಬಂದ್ರು. ಹುಬ್ಬು ಅಂದ್ರ ಕಂಬಳಿ ಉಣ್ಣಿ ಅಂಟಿಸಿದಂಗ ಇದ್ವು ಅವರಿಗಿ. ಫೋಟೊ ಬೆಳಕಿಗಿ ಹಿಡದ್ರು, ನನ್ನ ಬಲಗಡಿ ಎದಿ ಮ್ಯಾಲ ಅಂಗೈ ಇಟ್ಟರು, ಎಡಕ ಹೊಟ್ಟಿ ಒತ್ತಿದ್ರು, ನಾನು ಚೀರಿದೆ, ಅವರು ನಕ್ಕರು. ಹೌದವಾ, ನಕ್ಕರು! 'ಇವನ ಒಳಗಿಂದೆಲ್ಲಾ ಕನ್ನಡ್ಯಾಗ ಕಂಡಂಗ ಅದ. ಗುಂಡಿಗಿ ಬಲಕ, ಲಿವರ್ ಎಡಕ. ಅಪೆಂಡಿಕ್ಸ್ ಎಲ್ಲರಿಗಿ ಬಲಕ ಕೆಡ್ತದ, ಇವಂಗ ಎಡಕ ಕೆಟ್ಟದ. ಈಗಿಂದೀಗ ಕೊಯ್ಯಬೇಕು, ಒಡದ್ರ ಹೋಗಿಬಿಡ್ತಾನ' ಅಂದ್ರು ಉರ್ದುದಾಗ, ನಮಗಿಬ್ಬರಿಗೂ ಅಷ್ಟಿಷ್ಟು ಬರತಿತ್ತು. ಕೊಯ್ದರು. ಬದುಕಿದೆ. ಅವರ ಹೊಟ್ಟಿ ತಣ್ಣಗಿರಲಿ.

ಹೊಲಿಗಿ ಬಿಚ್ಚಿದ್ರು, ಊರಿಗಿ ಹೋಗ್ತೀವ್ರಿ ಅಂದೆ. ದೊಡ್ಡ ಡಾಕ್ಟ್ರು ಸ್ಟೂಲು ಎಳಕೊಂಡು ನನ್ನ ಹತ್ರ ಕುಂತ್ರು. 'ಸ್ವಲ್ಪ ದಿನ ಇದ್ದು ಹೋಗಪಾ. ಹುಡುಗರ ಪರೀಕ್ಷಾ ಅದ. ನಿನ್ನಂಥಾಂವ ನನ್ನ ನೌಕರಿದಾಗ ಮತ್ತ ಸಿಗ್ತಾನೋ ಇಲ್ಲೋ' ಅಂದ್ರು. ಜೀವ ಉಳಿಸಿದವರು ಕೈ ಮುಗದು ಕೇಳ್ತಾರ, ಏನ ಹೇಳಲಿ ನಾನು? ನಿಮ್ಮ ಆಯಿ ಹೇಳಿದಳು. 'ಕೆನಾಲಿನ ನೀರು ಪರೀಕ್ಷಾ ಮುಗಿಯೋತನ ಕಾಯ್ತದೇನ್ರಿ?' ಅಂದಳು. ಆಕಿ ಅಂದಿದ್ದು ಖರೆ ಅದ, ಆದ್ರ ಡಾಕ್ಟ್ರ ಮಾರಿ ನೋಡಿ ಆಕಿನೇ ಮೆತ್ತಗಾದಳು. ಕಡಿಗಿ ಒಂದು ಶರ್ತು ಹಾಕಿದಳು: 'ಆ ಹುಡುಗ್ಯಾರು ನನ್ನ ಗಂಡನ ಎದಿ ಮುಟ್ಟುವಾಗ ನಾನು ಬಾಜೂಕ ನಿಂತಿರಬೇಕು.' ದೊಡ್ಡ ಡಾಕ್ಟ್ರು ಒಪ್ಪಿಗೊಂಡ್ರು. ಅವತ್ತಿನಿಂದ ಹುಡುಗ್ರು ಸಾಲು ಹಚ್ಚಿ ಬಂದು ಮಂಜಿನಂಥಾ ತಣ್ಣನ ಕೈ ಎದಿ ಮ್ಯಾಲ ಇಡೋರು, ನಿಮ್ಮ ಆಯಿ ಸೆರಗು ಬಿಗದು, 'ಒಬ್ಬೊಬ್ಬರಾ ಬರ್ರಿ, ನೂಕಬ್ಯಾಡ್ರಿ, ಆತು ನಿಂದು, ಸರಿ' ಅಂತ ನಿಂತಿರೋಳು. ನರ್ಸಮ್ಮಗಳೂ ಆಕಿಗಿ ಅಂಜತಿದ್ರು.

ನನ್ನ ಬಾಜೂ ಖಾಟಿನ್ಯಾಗ ಶಹಾಪುರದ ಬಾಳಿಹಣ್ಣಿನ ವ್ಯಾಪಾರಿ ಖಾಸೀಮಸಾಬ ಇದ್ದ. ಹರ್ನಿಯಾಕ ಬಂದಿದ್ದ, ಭಾಳ ಅಂಜುಬುರುಕ. ಬಲಗಡಿ ಗುಂಡಿಗಿಯಾಂವ ಇಂಥಾ ಖಾಟಿನ್ಯಾಗ ಅದಾನ ಅಂತ ಹುಡುಗರಿಗೆಲ್ಲಾ ಗೊತ್ತಾಗ್ಯದಲ್ಲ, ಅದಕ್ಕ ದೊಡ್ಡ ಡಾಕ್ಟ್ರು ಪರೀಕ್ಷಾದ ಮುಂಜಾನಿ ಸುಮ್ಮನ ನಮ್ಮಿಬ್ಬರ ಖಾಟು ಅದಲು ಬದಲು ಮಾಡಿ, ಗುರುತು ಸಿಗಬಾರದಂತ ಇಬ್ಬರ ಮಾರಿ ಮ್ಯಾಲೂ ಚಾದರ ಎಳದುಬಿಟ್ಟರು. ಹೊರಗಿಂದ ಒಬ್ಬ ಸಾಹೇಬ್ರು ಪರೀಕ್ಷಾ ತಗೊಳ್ಳಾಕ ಬಂದಿದ್ರು, ಎರಡೂ ಖಾಟಿನ ನಡುವ ನಿಂತ ನಿಮ್ಮ ಆಯಿನ್ನ ನೋಡಿ, 'ಈಕಿ ಯಾರು?' ಅಂದ್ರು. ದೊಡ್ಡ ಡಾಕ್ಟ್ರು ಕೆಮ್ಮಿ, 'ಶರ್ತು' ಅಂದ್ರು. ಅಷ್ಟಾ.

ಆ ಕನ್ನಡಕದ ಹುಡುಗ ಬಂದ. ಸೀದಾ ನನ್ನ ಹಳೀ ಖಾಟಿಗಿ ಹೋದ, ಖಾಸೀಮಸಾಬನ ಬಲಗಡಿ ಎದಿ ಮ್ಯಾಲ ನಳಿಗಿ ಇಟ್ಟ, ಇಟ್ಟಾನೋ ಇಲ್ಲೋ, 'ಸಾರ್, ಗುಂಡಿಗಿ ಬಲಕ ಅದ ಸಾರ್!' ಅಂದ. 'ಛಂದಾಗಿ ಕೇಳಿದೇನಪಾ?' ಅಂದ್ರು ಸಾಹೇಬ್ರು. 'ಭಾಳ ಜೋರು ಕೇಳಾಕತ್ತದ ಸಾರ್. ಲಿವರೂ ಎಡಕ ಅದ. ಎಲ್ಲಾ ಉಲ್ಟಾ ಅದ ಸಾರ್.' ಖಾಸೀಮಸಾಬ ಎದ್ದ ಕುಂತ ನೋಡು! 'ಯಾ ಅಲ್ಲಾ! ನಾ ಬಂದಿದ್ದು ಹರ್ನಿಯಾಕರೀ, ಗುಂಡಿಗಿ ಯಾವಾಗ ಸರಕೊಂತು?' ಅಂತ ಎದಿ ಹಿಡಕೊಂಡು, ನಿಮ್ಮ ಆಯಿ ಕಡಿ ಹೊಳ್ಳಿ, 'ಅಕ್ಕಾ, ನಿನ್ನ ಗಂಡನ ಬಾಜೂಕ ಮಲಗಿ ಮಲಗಿ ನನಗೂ ಅಂಟ್ಯದ' ಅಂತ ಗೊಳೋ ಅಂದ. ನನಗ ನಗಿ ಬಂದು ಕೊಯ್ದ ಗಾಯ ಜಗ್ಗಾಕತ್ತದ, ನಗೂ ಹಂಗಿಲ್ಲ, ಅಳೂ ಹಂಗಿಲ್ಲ.

ಆಮ್ಯಾಲ ಸುಜಾತಾ ಅಂತ ಒಬ್ಬ ತೆಲುಗು ಹುಡುಗಿ ನನ್ನ ಹತ್ರ ಬಂತು. ಸಣ್ಣಾಕಿ, ಅಂಜಿತ್ತು. ಎಡಕ ನಳಿಗಿ ಇಟ್ಟು ತಡೀತು. ಸಾಹೇಬ್ರು 'ಜಲ್ದಿ ಜಲ್ದಿ' ಅಂದ್ರು. ಆಕಿ ಜಲ್ದಿ ಮಾಡಲಿಲ್ಲ. ನಳಿಗಿ ತೆಗದು, ಅಂಗೈ ಇಟ್ಟು, ಎಡದಿಂದ ಬಲಕ ಮೆಲ್ಲಕ ಹುಡುಕಿಕೊಂತ ಬಂತು. ನಿಮ್ಮ ಆಯಿ, ಹುಡುಗ್ಯಾರ ಮ್ಯಾಲ ಕಣ್ಣಿಡಾಕಂತಾ ನಿಂತಾಕಿ, ಉಸಿರು ಹಿಡಕೊಂಡು, 'ಇನ್ನ ಸ್ವಲ್ಪ ಮುಂದ ಹೋಗವಾ, ಹೋಗವಾ' ಅಂತ ಬಾಯಾಗ ಅನಕೊಳ್ಳಾಕತ್ತಾಳ, ಕನ್ನಡದಾಗ ಅಂದಿದ್ದಕ್ಕ ಬಚಾವು. ಕೈ ಬಲಕ ಬಂದು ನಿಂತಿತು. ಹುಡುಗಿ ನಕ್ಕಳು. ಪಾಸಾದಳು. ಕನ್ನಡಕದ ಹುಡುಗ ಫೇಲು. ಅಂವ ಸಂಜೀಕ ಒಬ್ಬನಾ ಬಂದು ತೆಲಿ ತಗ್ಗಿಸಿ ನಿಂತ. ನಿಮ್ಮ ಆಯಿನೇ ಅವನ ಕೈ ಹಿಡದು, ಖಾಸೀಮಸಾಬನ ಎಡಕ ಇಡಿಸಿ, ನನ್ನ ಬಲಕ ಇಡಿಸಿ, 'ಎರಡೂ ಪೂರಾ ಕೇಳು, ಗಡಿಬಿಡಿ ಮಾಡಬ್ಯಾಡ' ಅಂದಳು. ಭಾಳ ಹೊತ್ತು ಕೇಳಿದ ಪಾಪ. ಖಾಸೀಮಸಾಬಗೂ ಆಗ ಸಮಾಧಾನ ಆತು, ತನ್ನದು ಹೊಳ್ಳಿ ಜಾಗಕ್ಕ ಬಂದದ ಅಂತ ತಿಳಕೊಂಡ.

ಊರಿಗಿ ಬಂದ್ರ ಕೆನಾಲಿನ ನೀರು ಬಂದುಬಿಟ್ಟಿತ್ತು. ನಿಮ್ಮ ಆಯಿನ ತಮ್ಮನಾ ಬದು ಮುಗಿಸಿದ್ದ, ಪಾಪ, ನಮ್ಮ ಕುರಿ ಅಷ್ಟು ನೀರು ನೋಡಿದ್ದಿಲ್ಲ, ಒಂದೂ ದಾಟವಲ್ದು, ಅದೇ ಒಂದು ಕಥಿ ಆತು. ಇರಲಿ. ನಾಳಿ ಯಾವುದರೆ ದೊಡ್ಡ ದವಾಖಾನಿಗಿ ಹೋದಾಗ ಕಲಿಯೋ ಹುಡುಗ್ರು ಬಂದು, ಮುಟ್ಟಲೇನ್ರಿ ಅಂತ ಕೇಳಿದ್ರ ಮಾರಿ ತಿರುವಬ್ಯಾಡ್ರಿ, ಮುಟ್ಟಪಾ ಅನ್ರಿ. ಯಾರದರೆ ಮೈ ಮ್ಯಾಲ ಕಲೀಬೇಕಲ್ಲ ಅವರು. ಬರೀ ಇಷ್ಟು ಹೇಳ್ರಿ: ಕೈ ತಿಕ್ಕಿ ಬೆಚ್ಚಗ ಮಾಡಿಕೊಂಡು ಮುಟ್ಟಪಾ ಅಂತ.