ಸುವಾರ್ತವ್ವ ಕೈ ಕೊಡಲಿಲ್ಲ

ಚರ್ಚಿನ ಕನ್ನಡ ಆರಾಧನೆಯಲ್ಲಿ ಬೈಬಲ್ ಓದುವ ಕೆಲಸವನ್ನು ಪಾಸ್ಟರು ಸುವಾರ್ತವ್ವನಿಂದ ಕಿತ್ತು, ಬೆಂಗಳೂರಿನಿಂದ ಬಂದ ಶೈನಿ ಎಂಬ ಹುಡುಗಿಗೆ ಕೊಟ್ಟರು. ಸುವಾರ್ತವ್ವನಿಗೆ ಒಂದು ಮಾತೂ ಹೇಳಲಿಲ್ಲ.

ಭಾನುವಾರ ಕೋಥರೂಡ ಬಸ್ ಸ್ಟಾಪಿನಲ್ಲಿ ಆಕೆ, ಆಕೆ ವೈನಿ ಎಂದು ಕರೆಯುವ ಅತ್ತಿಗೆ ನನ್ನ ಪಕ್ಕದಲ್ಲೇ ಕೂತಿದ್ದರು.

“ಆರಾಧನಿ ಈಗ ಮೊಬೈಲಿನಾಗ ಬರ್ತದಲ್ರಿ ವೈನಿ. ಪಾಸ್ಟರಿಗೆ ಬೆಂಗಳೂರು ಕನ್ನಡನೇ ಬೇಕಂತ.”

“ಅದಿರಲಿ. ಎಲ್ಲಾರೂ ಒಬ್ಬರಿಗೊಬ್ಬರು ಕೈ ಕೊಟ್ಟು ಸಮಾಧಾನ ಹೇಳೂ ಮುಂದ ಆ ಹುಡುಗಿ ನಿನ್ನ ಕಡಿ ಕೈ ಚಾಚಿ ನಿಂತಿತ್ತು. ನೀ ಚೀಲದಾಗ ಏನ ಹುಡುಕ್ಲಿಕ್ಕತ್ತಿದ್ದಿ?”

“ಕರ್ಚೀಫು.”

“ಕೈಯಾಗೇ ಇತ್ತಲ್ಲ!”

“ಆಕಿ ಓದೂ ಮುಂದ ನೀವೂ ಮಾರಿ ಎತ್ತಿ ನೋಡಿದ್ರಿ. ನಾ ಓದೂವಾಗ ಒಮ್ಮೆರೆ ನೋಡೀರೇನು?”

“ಚಂದ ಓದಿದಳವ್ವ, ಸುಳ್ಳ್ಯಾಕ ಹೇಳ್ಲಿ?”

“ಗೊತ್ತದ. ಅದಕ್ಕೇ ಹೊಟ್ಟಿ ಉರೀತದ.”

“ಮೊದಲ ಪಾಪದ ಅರಿಕಿ, ಆಮ್ಯಾಲ ವಾಕ್ಯ, ಆಮ್ಯಾಲ ಸಮಾಧಾನ, ಕಡೀಕ ರೊಟ್ಟಿ ಮುರದು ಕರ್ತನ ಭೋಜನ. ಹಿಂಗ್ಯಾಕ ಇಟ್ಟಾರ? ಸಿಟ್ಟು ಹೊತಗೊಂಡು ರೊಟ್ಟಿ ತಗೋಬಾರದಂತ.”

“ಅದಕ್ಕೇ ನಾ ಇವತ್ತ ತಗೊಳ್ಳಿಲ್ಲ. ನನ್ನ ಬಾಯಾಗಿನ ವಾಕ್ಯ ಕಸಗೊಂಡ ಪಾಸ್ಟರು ಯಾವ ಅರಿಕಿ ಮಾಡಿ ರೊಟ್ಟಿ ಮುರದರು?”

“ಎಷ್ಟು ವಾರ ಹಿಂಗ ಉಪವಾಸ ಇರ್ತಿ, ಹುಚ್ಚಿ?”

ಬಸ್ ಬಂತು. ವೈನಿ ಎದ್ದು ಸೆರಗು ಸರಿಮಾಡಿಕೊಂಡರು.

“ಮುಂದಿನ ವಾರ ನೀನೇ ಮೊದಲ ಹೋಗಿ ಆಕಿಗೆ ಕೈ ಕೊಡು. ತಿಳೀತಿಲ್ಲೋ?”

“ಕೊಡಂಗಿಲ್ರಿ. ಮೊದಲ ಪಾಸ್ಟರು ಬಂದು ನನಗ ಕೈ ಕೊಡಲಿ,” ಎಂದು ಸುವಾರ್ತವ್ವ ಬಸ್ ಹತ್ತಿದಳು.