ಬರೆದುಕೊಳ್ಳದ ಮಾತು

ಸಂಜೆ ಮಳೆ ಹಿಡಿದಾಗ ನಾವು ಹದಿನೇಳು ಜನ ನಗರಸಭೆಯ ಸಭಾಂಗಣದಲ್ಲೇ ಸಿಕ್ಕಿಬಿದ್ದೆವು. ನಮ್ಮ ಓಣಿಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ ಆಕ್ಷೇಪಣೆ ಹೇಳಲು ಅದೇ ಕೊನೆಯ ದಿನ. ಹೇಳಿ ಮುಗಿಸಿದ್ದೆವು, ಅಧಿಕಾರಿಗಳು ಕಾರು ಹತ್ತಿ ಹೋಗಿಯೂ ಆಗಿತ್ತು. ಗೋಡೆಯ ನಕ್ಷೆಯಲ್ಲಿ ನಮ್ಮ ಮನೆಗಳಿದ್ದ ಜಾಗಕ್ಕೆ ಹಸಿರು ಬಳಿದಿತ್ತು. ಮೂಲೆಯ ಬೆಂಚಿನಲ್ಲಿದ್ದ ಮುದುಕ, ಹಿಂದೆ ಇಲ್ಲೇ ಗುಮಾಸ್ತನಾಗಿದ್ದವನು, ಯಾರೂ ಕೇಳದೆಯೇ ಮಾತಿಗೆ ತೊಡಗಿದ.

"ಹತ್ರ ಬನ್ನಿ... ಗಂಟಲು ಕಟ್ಟಿದೆ, ಕೂಗೋಕಾಗಲ್ಲ. ಮೂವತ್ತು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕೂತು, ಸಭೇಲಿ ಯಾರ್ಯಾರು ಏನೇನಂದ್ರು ಅಂತ ಬರ್ಕೊಳ್ತಿದ್ದೋನು ನಾನು. ಆಗ ಕೆಡವೋಕೆ ಹೊಳೆ ಪಕ್ಕದ ಕೇರಿ ಸರದಿ. ಅಲ್ಲೊಬ್ಬಳು ಸೂಲಗಿತ್ತಿ ಇದ್ಲು, ನನ್ನ ಮಗಳು ಹೊಟ್ಟೇಲಿ ಅಡ್ಡ ತಿರುಗಿದಾಗ ತಾಯಿ-ಮಗು ಇಬ್ರನ್ನೂ ಉಳಿಸಿಕೊಟ್ಟ ಪುಣ್ಯಾತ್ಗಿತ್ತಿ. ಅವಳು ಎದ್ದು ನಿಂತು, 'ನಮ್ಮ ಸಾಲುಮನೆ ಒಂದರ ಹೆಗಲ ಮೇಲೊಂದು ನಿಂತಿರೋವು ಸ್ವಾಮಿ. ತುದೀದು ಕೆಡವಿದ್ರೆ ಉಳಿದವು ನಿಲ್ಲಲ್ಲ. ಮೊದ್ಲು ಜನರನ್ನ ಸಾಗಿಸಿ, ಆಮೇಲೆ ಕೈ ಹಾಕಿ' ಅಂದ್ಲು. ಬೇಡ ಅನ್ಲಿಲ್ಲ ಕಣ್ರಪ್ಪ, ಕ್ರಮ ಹೇಳಿದ್ಲು. ಅಧ್ಯಕ್ಷರು ನನ್ನ ಕಡೆ ನೋಡಿ, ಬರೀಬೇಡ ಅನ್ನೋ ಹಾಗೆ ಹುಬ್ಬು ಹಾರಿಸಿದ್ರು... ನಾನು 'ಆಕ್ಷೇಪಣೆ ಇಲ್ಲ' ಅಂತ ಬರೆದೆ. ಹೊಟ್ಟೆಪಾಡು ಅಂತೀರಾ? ನಾನೂ ಹಂಗೇ ಅಂದ್ಕೊಂಡೆ.

ಹದಿನೈದು ದಿನಕ್ಕೆ ತುದಿ ಮನೆ ಕೆಡವಿದ್ರು. ಪಕ್ಕದ ಗೋಡೆ ಕುಸೀತು, ಒಳಗೆ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿತ್ತು. ಬಸುರೀನ ಹೊರಗೆ ದಬ್ಬಿದೋಳು ಆ ಸೂಲಗಿತ್ತೀನೇ... ತಾನು ಬರ್ಲಿಲ್ಲ.

ಮುಂದಿನ ಸಭೇಲಿ ಪೆನ್ನು ಹಿಡೀತಿದ್ದ ಹಾಗೇ ಸುಣ್ಣದ ಧೂಳಿನ ವಾಸನೆ, ಕಿವಿ ಹತ್ರ ತಣ್ಣನೆ ಉಸಿರು. 'ಬರ್ಕೊಂಡ್ಯಾ ಮಗಾ?' ಹೆರಿಗೆ ಕೋಣೇಲಿ ಧೈರ್ಯ ಹೇಳೋ ಅದೇ ದನಿ. ಬೈದಿದ್ರೆ ತಡ್ಕೊಳ್ತಿದ್ದೆ... ಅವಳಂದಿದ್ದೆಲ್ಲ ಬರೆದು ಅಧ್ಯಕ್ಷರ ಮುಂದಿಟ್ಟೆ, ಕಾಲು ಹಿಡಿದೆ. ಅವರು ಹಾಳೆ ಹರಿದು, 'ತಲೆ ಕೆಟ್ಟಿದ್ಯಾ, ರಜ ಹಾಕು' ಅಂದ್ರು. ಕೆಲ್ಸ ಬಿಟ್ಟೆ. ನನ್ನ ಜಾಗಕ್ಕೆ ಬಂದೋನು ಎಂಟೇ ದಿನಕ್ಕೆ ನನ್ನ ಮನೆ ಹುಡುಕ್ಕೊಂಡು ಬಂದು, 'ಆ ಮುದುಕಿ ಯಾರು?' ಅಂದ."

ನಮ್ಮೋಣಿಯ ದರ್ಜಿ ಮೆಲ್ಲಗೆ, "ಅವಳು ಈಗ ಬರೋದಿಲ್ವಲ್ಲ, ತಾತ?" ಎಂದ.

"ಇವತ್ತು ನಿಮ್ಮ ಮಾತು ಬರ್ಕೊಳ್ತಿದ್ಲಲ್ಲ ಆ ಹೆಣ್ಣುಮಗಳು, ಹೋಗ್ತಾ ನನ್ನ ಹತ್ರ ನಿಂತು ಕೇಳಿದ್ಲು, 'ಬರ್ಕೊಂಡ್ಯಾ ಬರ್ಕೊಂಡ್ಯಾ ಅಂತ ಕಿವೀಲಿ ಕೇಳ್ತಿದ್ದ ಆ ಅಜ್ಜಿ ಯಾರು ತಾತ?' ಅಂತ. ನೀನೇನು ಬರೆದ್ಯಮ್ಮ ಅಂತ ನಾನು ಕೇಳಿದೆ..."

ಮುದುಕ ನಮ್ಮೆಲ್ಲರ ಮುಖ ನೋಡಿದ.

"ನೆಲ ನೋಡ್ಕೊಂಡು ಹೋದ್ಲು."